ಗಾಳಿ ಸೋಕಿದ ಗಾಡಿ

ಆರು ತಿಂಗಳ ಮಟ್ಟಿಗೆ ಮಗಳ ಮನೆಗೆಂದು ಅಮೆರಿಕಕ್ಕೆ ಹೋದ ನಿವೃತ್ತ ಅಪ್ಪಂದಿರನ್ನು ಎಷ್ಟು ದೂರದಿಂದಲಾದರೂ ಗುರುತಿಸಬಹುದು. ಕಾಲಿಗೆ ಅಳಿಯಂದಿರು ಕೊಡಿಸಿದ ಬೆಳ್ಳನೆಯ ಶೂ, ತಲೆಗೆ ಮೊಮ್ಮಗನ ಟೋಪಿ, ಕೈಗಳೆರಡೂ ಬೆನ್ನ ಹಿಂದೆ. ಬೀದಿಯಲ್ಲಿ ನಡೆಯುವ ಮನುಷ್ಯರೆಂದರೆ ಅವರೊಬ್ಬರೇ. ಉಳಿದವರೆಲ್ಲ ಕಾರಿನೊಳಗೋ ಕಂಪ್ಯೂಟರಿನ ಮುಂದೋ ಇರುತ್ತಾರೆ. ಯಾರ ಮನೆಯ ಹುಲ್ಲು ಕತ್ತರಿಸಿಲ್ಲ, ಯಾರ ಬಾಗಿಲಲ್ಲಿ ಪಾರ್ಸೆಲ್ಲು ನಿನ್ನೆಯಿಂದ ಬಿದ್ದಿದೆ ಎಂದೆಲ್ಲ ವಿಚಾರಣೆ ಮುಗಿಸಿ ಬಂದು ಸೋಫಾದಲ್ಲಿ ಕೂರುತ್ತಾರೆ. ಏಳುತ್ತಾರೆ. ಫ್ರಿಜ್ಜಿನ ಬಾಗಿಲು ತೆಗೆದು, ಒಳಗಿರುವುದನ್ನೆಲ್ಲ ನೋಡಿ, ಏನನ್ನೂ ತೆಗೆದುಕೊಳ್ಳದೆ ಮುಚ್ಚುತ್ತಾರೆ. ಮತ್ತೆ ಕೂರುತ್ತಾರೆ. "ಅಪ್ಪಾ, ಒಂದ್ ಸ್ವಲ್ಪ ಹೊತ್ತು ಸುಮ್ಮನೆ ಕೂತ್ಕೋಬಾರದಾ?" ಎಂದು ಮೀಟಿಂಗಿನ ನಡುವೆ ಮೈಕು ಮುಚ್ಚಿ ಮಗಳು ಕೇಳುತ್ತಾಳೆ. ಜೀವಮಾನವಿಡೀ ಬ್ಯಾಂಕಿನಲ್ಲಿ ಲೆಡ್ಜರು ಕೂಡಿಸಿದ ನನ್ನಂಥವನಿಗೆ ಪಿಂಚಣಿ, ಗ್ರಾಚುಯಿಟಿ ಎಲ್ಲ ಕೊಟ್ಟು ಕಳಿಸಿದರು. ಸುಮ್ಮನಿರುವ ವಿದ್ಯೆ ಮಾತ್ರ ಆ ಪಟ್ಟಿಯಲ್ಲಿರಲಿಲ್ಲ.

ಮಗಳ ಮನೆ ಇರುವುದು ಸ್ಯಾಕ್ರಮೆಂಟೊದಲ್ಲಿ. ಹೆಸರಿಗೆ ಕ್ಯಾಲಿಫೋರ್ನಿಯಾದ ರಾಜಧಾನಿ. ಬೇಸಿಗೆಯಲ್ಲಿ ರಾಯಚೂರಿನ ಖಾಸಾ ತಮ್ಮ. ಬಿಸಿಲು 40 ಡಿಗ್ರಿ ದಾಟಿದರೂ ಅಲ್ಲಿ ಯಾರೂ ಆಶ್ಚರ್ಯಪಡುವುದಿಲ್ಲ. ಅಮೆರಿಕವೆಂದರೆ ಹಿಮ ಎಂದು ನಂಬಿ ನಮ್ಮಾಕೆ ಶಿವಮೊಗ್ಗದಿಂದ ಹೊತ್ತು ತಂದ ಸ್ವೆಟರುಗಳು ಸೂಟ್‌ಕೇಸಿನಿಂದ ಹೊರಗೇ ಬರಲಿಲ್ಲ. ಅಂಥ ಬಿಸಿಲಿನಲ್ಲೂ ಗ್ಯಾರೇಜಿನ ಬಾಗಿಲೆತ್ತಿ ಕೆಲಸ ಮಾಡುತ್ತಿದ್ದವರು ಪಕ್ಕದ ಮನೆಯ ಯಜಮಾನರು. ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು, ನನ್ನದೇ ವಯಸ್ಸು. ಅಮೆರಿಕದ ಗ್ಯಾರೇಜುಗಳಲ್ಲಿ ಏಣಿ, ಹಳೆಯ ಸೋಫಾ, ಕ್ರಿಸ್‌ಮಸ್ ಮರ, ಮಕ್ಕಳು ಬಿಟ್ಟುಹೋದ ಸೈಕಲ್ಲು ಎಲ್ಲ ಇರುತ್ತವೆ, ಕಾರೊಂದನ್ನು ಬಿಟ್ಟು. ಹಾಗಾಗಿ ಅವರ ಗಾಡಿ ಹೊರಗೆ ನಿಂತಿತ್ತು. 1988ರ ಟೊಯೋಟಾ ಪಿಕಪ್. ಒಂದು ಕಾಲಕ್ಕೆ ಕೆಂಪಗಿದ್ದಿರಬೇಕು.

ಆ ಗಾಡಿಯ ರೋಗ ನನಗೆ ಮೊದಲು ತಿಳಿದದ್ದು ಕಿವಿಯಿಂದ. ಸ್ಟಾರ್ಟ್ ಮಾಡಿ ಬಿಟ್ಟರೆ ಇಂಜಿನ್ನು ಗುರ್ರೆಂದು ಏರುವುದು, ಇನ್ನೇನು ಪ್ರಾಣ ಹೋಯಿತು ಎನ್ನುವಷ್ಟು ಇಳಿಯುವುದು, ಯಾರೋ ಕರೆದಂತೆ ಮತ್ತೆ ಏರುವುದು. ಇದರ ಮಧ್ಯೆ ಡಗ್ ಡಗ್ ಎಂದು ಇಡೀ ಮೈ ನಡುಗುವುದು ಬೇರೆ. ಅಡುಗೆಮನೆಯ ಕಿಟಕಿಯಿಂದ ಕೇಳಿಸಿಕೊಂಡ ನಮ್ಮಾಕೆ ತಕ್ಷಣ ತೀರ್ಪು ಕೊಟ್ಟಳು: "ರೀ, ಅದಕ್ಕೆ ಏನೋ ಗಾಳಿ ಸೋಕಿದೆ. ಒಂದು ತಾಯತ ಕಟ್ಟಿಸೋಕೆ ಹೇಳಿ." ಅವಳ ಪರೀಕ್ಷೆ ಎಷ್ಟು ಸರಿಯಾಗಿತ್ತು ಎಂಬುದು ಆಮೇಲೆ ತಿಳಿಯಿತು.

ಈ ಗಾಡಿಯ ವಂಶ ಸಾಮಾನ್ಯದ್ದಲ್ಲ. ಲೋಕದ ಉಳಿದೆಡೆ ಇದನ್ನು ಹೈಲಕ್ಸ್ ಎನ್ನುತ್ತಾರೆ. ಅಮೆರಿಕದಲ್ಲಿ ಮಾತ್ರ ಹೆಸರೇ ಇಡದೆ ಬರೀ ಪಿಕಪ್ ಎಂದು ಮಾರಿದರು. 1987ರಲ್ಲಿ ಆಫ್ರಿಕಾದ ಚಾಡ್ ದೇಶದವರು ಟೊಯೋಟಾ ಪಿಕಪ್ಪುಗಳ ಬೆನ್ನಿಗೆ ಬಂದೂಕು ಕಟ್ಟಿಕೊಂಡು ಲಿಬಿಯಾದ ಟ್ಯಾಂಕುಗಳನ್ನೇ ಓಡಿಸಿಬಿಟ್ಟರು. ಆ ಕದನಕ್ಕೆ ಟೊಯೋಟಾ ಯುದ್ಧ ಎಂದೇ ಹೆಸರು ಬಿತ್ತು. 2003ರಲ್ಲಿ ಬಿಬಿಸಿಯ ಟಾಪ್ ಗೇರ್ ಕಾರ್ಯಕ್ರಮದವರು ಒಂದು ಹಳೆಯ ಡೀಸೆಲ್ ಹೈಲಕ್ಸನ್ನು ಸಮುದ್ರದ ಉಬ್ಬರಕ್ಕೆ ಬಿಟ್ಟರು, ಬೆಂಕಿ ಹಚ್ಚಿದರು, ಕೊನೆಗೆ ಬಹುಮಹಡಿ ಕಟ್ಟಡದ ತಾರಸಿಯ ಮೇಲಿಟ್ಟು ಕಟ್ಟಡವನ್ನೇ ಉರುಳಿಸಿದರು. ಆಮೇಲೂ ಅದು ಸ್ಟಾರ್ಟ್ ಆಯಿತು. 2022ರಿಂದ ಇದರ ಮರಿಮಗ ನಮ್ಮ ತಟ್ಟೆ ಇಡ್ಲಿಯ ಬಿಡದಿಯಲ್ಲೇ ತಯಾರಾಗುತ್ತಿದೆ.

ಅಮೆರಿಕಕ್ಕೆ ಇದು ಬಂದ ಕಥೆಯಲ್ಲಿ ಒಂದು ಕೋಳಿಯೂ ಇದೆ. 1960ರ ದಶಕದ ಆರಂಭದಲ್ಲಿ ಯೂರೋಪಿನವರು ಅಮೆರಿಕದ ಕೋಳಿಯ ಮೇಲೆ ಸುಂಕ ಹೆಚ್ಚಿಸಿದರು. ಸಿಟ್ಟಾದ ಅಮೆರಿಕ 1964ರಿಂದ ಬ್ರಾಂದಿ, ಆಲೂಗೆಡ್ಡೆಯ ಪಿಷ್ಟದ ಮೇಲೆ ತೆರಿಗೆ ಏರಿಸಿ, ಹೊರಗಿನಿಂದ ಬರುವ ಲಘು ಟ್ರಕ್ಕುಗಳ ಮೇಲೆ ಶೇಕಡಾ 25 ತೆರಿಗೆ ಜಡಿಯಿತು. ಕೋಳಿಜಗಳ ತಣ್ಣಗಾಗಿ ಎಷ್ಟೋ ಕಾಲವಾದರೂ ಟ್ರಕ್ಕಿನ ಮೇಲಿನ ತೆರಿಗೆ ಉಳಿದುಕೊಂಡಿತು. ಜಪಾನಿನವರು ಬರೀ ಚಾಸಿ ಮತ್ತು ಕ್ಯಾಬಿನ್ನನ್ನು ಹಡಗಿಗೇರಿಸಿ, ಹಿಂದಿನ ತೊಟ್ಟಿಯನ್ನು ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ಜೋಡಿಸಿ, ಹಲವು ವರ್ಷ ತೆರಿಗೆಯ ಕಣ್ಣಿಗೆ ಮಣ್ಣೆರಚಿದರು. 1980ರಲ್ಲಿ ಆ ಕಿಂಡಿಯೂ ಮುಚ್ಚಿತು. ಹುಟ್ಟು ಸಸ್ಯಾಹಾರಿಯಾದ ನನಗೆ ಈ ಕಥೆ ಕೇಳಿ ಆದ ಸಂತೋಷ ಅಷ್ಟಿಷ್ಟಲ್ಲ.

ಇಂಥ ವೀರವಂಶದ ಗಾಡಿಗೆ ಓಡುವುದರಲ್ಲಿ ಯಾವ ತೊಂದರೆಯೂ ಇರಲಿಲ್ಲ. ಹೆದ್ದಾರಿಗೆ ಬಿಟ್ಟರೆ ಹೋಗುತ್ತಿತ್ತು. ಕೆಂಪು ದೀಪದ ಮುಂದೆ ನಿಲ್ಲುವುದೇ ಆಗುತ್ತಿರಲಿಲ್ಲ.

ನಿಂತಲ್ಲಿ ಉರಿಯುವುದು ಇಂಜಿನ್ನಿಗೆ ವಿಶ್ರಾಂತಿ ಎಂದು ನಾವು ತಿಳಿಯುತ್ತೇವೆ. ಈ ನಾಲ್ಕು ಸಿಲಿಂಡರಿನ ಇಂಜಿನ್ನಿಗೆ ಐಡ್ಲಿಂಗಿನಲ್ಲಿ ಕಂಪನಿ ಗೊತ್ತುಮಾಡಿದ ವೇಗ ನಿಮಿಷಕ್ಕೆ 750 ಸುತ್ತು. ಸುತ್ತಿಗೆ ಎರಡು ಸಿಡಿತ. ಅಂದರೆ ಸುಮ್ಮನಿರುವುದಕ್ಕೆಂದೇ ನಿಮಿಷಕ್ಕೆ 1500 ಸಲ ಬೆಂಕಿ ಹೊತ್ತಬೇಕು, ಸೆಕೆಂಡಿಗೆ 25. ಓಡುವಾಗ ಗಾಡಿಯ ತೂಕವೇ ದಬ್ಬಿಕೊಂಡು ಹೋಗುವುದರಿಂದ ಒಂದೆರಡು ಸಿಡಿತ ತಪ್ಪಿದರೂ ಮುಚ್ಚಿಹೋಗುತ್ತದೆ. ನಿಂತಾಗ ಆ ಆಸರೆ ಇಲ್ಲ. ಗಾಳಿಯ ಬಾಗಿಲಾದ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತದೆ, ಒಳಗೆ ಹೋಗುವ ಗಾಳಿ ತೀರ ಕಡಿಮೆ, ಆದ್ದರಿಂದ ಎಲ್ಲಿಂದಲಾದರೂ ಒಂದಿಷ್ಟು ಹೆಚ್ಚು ನುಸುಳಿದರೆ ಸಂಸಾರವೇ ತಲೆಕೆಳಗು.

ನಮ್ಮ ಕಾಲದಲ್ಲಿ ಇದಕ್ಕೆಲ್ಲ ಒಂದೇ ಔಷಧ. ಶಿವಮೊಗ್ಗದಲ್ಲಿ ಬ್ಯಾಂಕಿನ ಅಂಬಾಸಿಡರನ್ನು ಒಯ್ದು "ಸ್ಲೋ ನಿಲ್ತಿಲ್ಲ ಕಣಯ್ಯ" ಎಂದರೆ, ಮೆಕ್ಯಾನಿಕ್ಕು ಬಾಯಲ್ಲಿದ್ದ ಬೀಡಿ ತೆಗೆಯದೆ, ಕಿವಿಯನ್ನು ಬಾನೆಟ್ಟಿನ ಕಡೆ ಓರೆಮಾಡಿ, ಕಾರ್ಬ್ಯುರೇಟರಿನ ಸ್ಕ್ರೂವನ್ನು ಕಾಲು ಸುತ್ತು ಆಚೆ, ಅರ್ಧ ಸುತ್ತು ಈಚೆ ತಿರುಗಿಸುತ್ತಿದ್ದ. ಇಂಜಿನ್ನು ಮೆತ್ತಗೆ ತಾಳ ಹಿಡಿಯುತ್ತಿತ್ತು. ಪೆಟ್ರೋಲಿನ ಪಕ್ಕದಲ್ಲಿ ಬೀಡಿ ಸೇದುವ ಆ ಧೈರ್ಯವನ್ನು ನಾನು ಈಗಲೂ ಮೆಚ್ಚುವುದಿಲ್ಲ. ಆ ಕಿವಿಯನ್ನು ಮೆಚ್ಚುತ್ತೇನೆ. 2000ದ ಆಸುಪಾಸಿನಲ್ಲಿ ನಮ್ಮ ಕಾರುಗಳ ಬೆನ್ನಿಗೆ, ಇಂಜೆಕ್ಷನ್ ಬಂತೆಂದು ಸಾರುವ ಎಂಪಿಎಫ್ಐ ಎಂಬ ಅಕ್ಷರಗಳು ಅಂಟಿಕೊಂಡವು, ಸ್ಕ್ರೂಗಳ ಕಾಲ ಮುಗಿಯಿತು. 2020ರ ಬಿಎಸ್ 6 ನಿಯಮ ಬಂದಮೇಲಂತೂ ತರಕಾರಿ ತರುವ ಸ್ಕೂಟರಿಗೂ ಇಂಜೆಕ್ಷನ್ನು.

ಈ ಪಿಕಪ್ಪಿನದು ಇಂಜೆಕ್ಷನ್ ಪದ್ಧತಿಯ ಹಳೆಯ ತಲೆಮಾರು. ಗಾಳಿ ಶೋಧಿಸುವ ಫಿಲ್ಟರಿನ ಆಚೆಗೇ ಒಂದು ಅಲ್ಯೂಮಿನಿಯಂ ಪೆಟ್ಟಿಗೆ, ಒಳಗೊಂದು ರೆಕ್ಕೆ. ಒಳಬರುವ ಗಾಳಿ ರೆಕ್ಕೆಯನ್ನು ತಳ್ಳುತ್ತದೆ, ಎಷ್ಟು ತಳ್ಳಿತು ಎಂಬುದು ವಿದ್ಯುತ್ತಿನ ಸಂದೇಶವಾಗಿ ಗಾಡಿಯೊಳಗಿನ ಕಂಪ್ಯೂಟರಿಗೆ ಹೋಗುತ್ತದೆ. ಒಂದು ಪಾಲು ಪೆಟ್ರೋಲು ಸರಿಯಾಗಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು ಎಂದು ಅದು ಬಲ್ಲದು. ಅದರಂತೆ ಇಂಜೆಕ್ಟರುಗಳಿಂದ ಪೆಟ್ರೋಲು ಚಿಮ್ಮಿಸುತ್ತದೆ. ನಮ್ಮ ಕ್ಯಾಷ್ ಕೌಂಟರಿನ ವ್ಯವಹಾರವೂ ಇದೇ ಅಲ್ಲವೆ ಎಂದು ನನಗೆ ತಕ್ಷಣ ಹೊಳೆಯಿತು. ವೋಚರಿನ ಮೇಲೆ ಬಂದ ಹಣಕ್ಕಷ್ಟೇ ಕ್ಯಾಷಿಯರು ಜವಾಬ್ದಾರ. ಹಿಂಬಾಗಿಲಿಂದ ಯಾರೋ ಬಂದು ಡ್ರಾಯರಿಗೆ ನೋಟು ತುರುಕಿ ಹೋದರೆ ಸಂಜೆ ಟ್ಯಾಲಿ ಆಗುವುದಿಲ್ಲ, ಪಾಪ ಅವನು ರಾತ್ರಿಯವರೆಗೂ ಕೂಡಿಸಿ ಕೂಡಿಸಿ ಸಾಯುತ್ತಾನೆ. ರೆಕ್ಕೆಯನ್ನು ದಾಟಿದ ಮೇಲೆ, ದಾರಿಯಲ್ಲಿ ಎಲ್ಲಾದರೂ ಬಿರುಕಿನಿಂದ ನುಗ್ಗಿದ ಗಾಳಿ ಲೆಕ್ಕಕ್ಕೆ ಬರದ ಗಾಳಿ. ಕಂಪ್ಯೂಟರು ಅದಕ್ಕೆ ಪೆಟ್ರೋಲು ಕೊಡುವುದಿಲ್ಲ. ಮಿಶ್ರಣ ತೆಳುವಾಗಿ ಸಿಡಿತ ತಪ್ಪುತ್ತದೆ. ಡಗ್ ಡಗ್.

ಯಜಮಾನರಿಗೆ ಅವಸರವಿತ್ತು. ಕ್ಯಾಲಿಫೋರ್ನಿಯಾದಲ್ಲಿ 1976ರಿಂದ ಈಚಿನ ಪೆಟ್ರೋಲ್ ಗಾಡಿಗಳು, ತೀರ ಹೊಸವನ್ನು ಬಿಟ್ಟು, ಎರಡು ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆ ಪಾಸಾಗಬೇಕು. ನಮ್ಮಲ್ಲಿ ಪೆಟ್ರೋಲ್ ಬಂಕಿನ ಮೂಲೆಯಲ್ಲಿ ನಿಂತ ವ್ಯಾನಿನವನು ಸೈಲೆನ್ಸರಿಗೆ ಕೋಲು ತೂರಿಸಿ ಚೀಟಿ ಹರಿದುಕೊಡುವಷ್ಟು ಸಲೀಸಲ್ಲ. ಈ ವಯಸ್ಸಿನ ಗಾಡಿಯನ್ನು ಉರುಳೆಗಳ ಮೇಲೆ ಹತ್ತಿಸಿ, ಓಡಿಸಿ, ಹೊಗೆಯನ್ನು ಅಳೆಯುತ್ತಾರೆ. ಬಾನೆಟ್ಟಿನ ಕೆಳಗಿರುವ ಹೋಸ್ ಪೈಪುಗಳು ಕಂಪನಿಯ ನಕ್ಷೆಯಲ್ಲಿರುವಂತೆಯೇ ಇವೆಯೇ ಎಂದೂ ನೋಡುತ್ತಾರೆ. ಪಾಸಾಗದಿದ್ದರೆ ನೋಂದಣಿ ಮುಂದುವರಿಯುವುದಿಲ್ಲ.

ಅವಸರವಿದ್ದಲ್ಲಿ ಸಲಹೆಗಾರರು ಸೇರುತ್ತಾರೆ. ಬೇರೆ ಊರಿನಲ್ಲಿದ್ದ ಮಗ ಫೋನಿನಲ್ಲೇ ಆಕ್ಸಿಜನ್ ಸೆನ್ಸರ್ ಬದಲಿಸಲು ಹೇಳಿದ. ಬಿಡಿಭಾಗದ ಅಂಗಡಿಯ ಹುಡುಗ ಥ್ರಾಟಲ್ ಸೆನ್ಸರ್ ಎಂದ. ಅವನ ಹಿಂದಿನ ಕಪಾಟಿನಲ್ಲಿ ಅದು ಇತ್ತು ಎಂಬುದಷ್ಟೇ ಅವನ ಆಧಾರ. ಚರ್ಚಿನ ಗೆಳೆಯನೊಬ್ಬ ರೆಕ್ಕೆಯ ಪೆಟ್ಟಿಗೆಯೇ ಸತ್ತಿದೆ ಎಂದು ಘೋಷಿಸಿದ. ಅದರ ಬೆಲೆ ಕೇಳಿದರೆ ಗಾಡಿಯನ್ನೇ ಮಾರುವುದು ವಾಸಿ. ನಮ್ಮ ಅಳಿಯಂದಿರೂ ಬೇಲಿಯ ಬಳಿ ಬಂದು "ಮಾವ, ಇದನ್ನು ಕೊಟ್ಟು ಎಲೆಕ್ಟ್ರಿಕ್ ತಗೊಳ್ಳೋಕೆ ಹೇಳಿ, ಐಡ್ಲಿಂಗೇ ಇರಲ್ಲ" ಎಂದರು. ಸಾಫ್ಟ್‌ವೇರಿನವರ ಪರಿಹಾರಗಳೇ ಹಾಗೆ: ಹಳೆಯದನ್ನು ಅಳಿಸಿ ಹೊಸದನ್ನು ಹಾಕುವುದು.

ಯಜಮಾನರು ಯಾರ ಮಾತನ್ನೂ ತೆಗೆದುಹಾಕಲಿಲ್ಲ, ಯಾರ ಮಾತಿಗೂ ದುಡ್ಡು ಬಿಚ್ಚಲಿಲ್ಲ. ನನಗೆ ಅವರ ಮೇಲೆ ಗೌರವ ಬಂದದ್ದು ಅಲ್ಲಿ. ಒಂದು ಕುರ್ಚಿ ಎಳೆದು ನನ್ನನ್ನು ಕೂರಿಸಿ, ಟಾರ್ಚು ಕೈಗೆ ಕೊಟ್ಟರು. ಬಹಳ ದಿನದ ಮೇಲೆ ನನಗೊಂದು ಹುದ್ದೆ ಸಿಕ್ಕಿತು.

ಮೊದಲು ಕಂಪ್ಯೂಟರನ್ನೇ ವಿಚಾರಿಸಿದರು. 1996ರಿಂದ ಈಚಿನ ಕಾರುಗಳಿಗಾದರೆ ಒಂದು ಸ್ಕ್ಯಾನರು ಚುಚ್ಚಿ ಓದಬಹುದು. ಅದಕ್ಕೂ ಹಿಂದಿನವಕ್ಕೆ ಕಂಪನಿಗೊಂದು ಗುಟ್ಟು. ಇದರಲ್ಲಿ ಬಾನೆಟ್ಟಿನ ಕೆಳಗೆ ಒಂದು ಪುಟ್ಟ ಕಪ್ಪು ಪೆಟ್ಟಿಗೆ ಇದೆ, ಅದರ ಎರಡು ಕಿಂಡಿಗಳನ್ನು ತುಂಡು ತಂತಿಯಿಂದ ಜೋಡಿಸಿ ಕೀಲಿ ತಿರುಗಿಸಿದರೆ, ಡ್ಯಾಷ್‌ಬೋರ್ಡಿನ ದೀಪ ಮಿಟುಕಿಸಿ ಮಿಟುಕಿಸಿ ದೋಷದ ಅಂಕಿ ಹೇಳುತ್ತದೆ. ದೋಷವಿಲ್ಲದಿದ್ದರೆ ಎಡೆಬಿಡದೆ ಒಂದೇ ಸಮ ಮಿಟುಕುತ್ತದೆ. ಇದು ಒಂದೇ ಸಮ ಮಿಟುಕಿತು. ನನ್ನ ಪುಸ್ತಕದಲ್ಲಿ ಎಲ್ಲ ಸರಿಯಾಗಿದೆ ಎಂಬುದು ಅದರ ಹೇಳಿಕೆ. ಇನ್‌ಸ್ಪೆಕ್ಷನ್ನಿಗೆ ಹೋದ ಶಾಖೆಗಳಲ್ಲಿ ಈ ಹೇಳಿಕೆಯನ್ನು ನಾನು ಸಾಕಷ್ಟು ಕೇಳಿದ್ದೇನೆ. ಪುಸ್ತಕ ಸರಿಯಾಗಿಯೇ ಇರುತ್ತಿತ್ತು.

ಆಮೇಲೆ ಅವರು ಮಾಡಿದ್ದು ಬಹಳ ಸಣ್ಣ ಕೆಲಸ. ಇಂಜಿನ್ನು ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳವನ್ನು ತಿರುಗಿಸಿ ಕೈಗೆತ್ತಿಕೊಂಡರು. ಇಂಜಿನ್ನಿನ ಹೊಟ್ಟೆಯ ಆವಿಯನ್ನು ಒಂದು ಹೋಸು ಗಾಳಿಯ ದಾರಿಗೆ ಎಳೆದುಕೊಳ್ಳುವುದರಿಂದ, ಆ ಮುಚ್ಚಳ ತೆಗೆದರೆ ಲೆಕ್ಕವಿಲ್ಲದ ಗಾಳಿ ದಂಡಿಯಾಗಿ ನುಗ್ಗುತ್ತದೆ. ನೆಟ್ಟಗಿರುವ ಇಂಜಿನ್ನು ತಡವರಿಸಬೇಕು, ನಿಂತೇ ಹೋದರೂ ಸರಿಯೆ. ಇದು ಕ್ಯಾರೇ ಅನ್ನಲಿಲ್ಲ. ಆಗಲೇ ಎಲ್ಲೋ ಬಾಗಿಲು ತೆರೆದಿರುವ ಮನೆಗೆ ಕಿಟಕಿ ತೆರೆದರೇನು, ಬಿಟ್ಟರೇನು. ಆಯಿಲ್ ಮಟ್ಟ ನೋಡುವ ಕಡ್ಡಿ ಪೂರ್ತಿ ಕೂತಿದೆಯೇ ಎಂದು ಒತ್ತಿ ನೋಡಿದರು. ಅದು ಅರ್ಧ ಎದ್ದಿದ್ದರೂ ಇದೇ ರಗಳೆಯಂತೆ. ಕೂತಿತ್ತು.

ಬಿರುಕು ಹುಡುಕಲು ಕಾರ್ಬ್ಯುರೇಟರ್ ಕ್ಲೀನರನ್ನು ಹೋಸುಗಳ ಮೇಲೆ ಚಿಮುಕಿಸುವುದು ಅಲ್ಲಿನವರ ರೂಢಿ. ಬಿರುಕು ಅದನ್ನು ಒಳಗೆ ಹೀರಿಕೊಂಡೊಡನೆ ಇಂಜಿನ್ನಿನ ಸದ್ದು ಬದಲಾಗುತ್ತದೆ. ಬಿಸಿ ಇಂಜಿನ್ನಿಗೆ ಉರಿಯುವ ದ್ರವ ಚಿಮುಕಿಸುವ ಈ ಪದ್ಧತಿಗೂ ನಮ್ಮ ಬೀಡಿಗೂ ಬಹಳ ವ್ಯತ್ಯಾಸ ಕಾಣದೆ, ನೀರು ತುಂಬಿದ ಸ್ಪ್ರೇ ಬಾಟಲಿಯೇ ಸಾಕು ಎಂದೆ. ಅವರು ಒಪ್ಪಿದರು. ರೆಕ್ಕೆಯ ಪೆಟ್ಟಿಗೆಯಿಂದ ಥ್ರಾಟಲಿನವರೆಗೆ ಮಡಿಕೆ ಮಡಿಕೆಯಾದ ಒಂದು ದಪ್ಪ ರಬ್ಬರಿನ ಕೊಳವೆ ಇದೆ. ಮೇಲಿನಿಂದ ನೋಡಿದರೆ ಹೊಸದರ ಹಾಗಿತ್ತು. ಅದರ ಅಡಿಗೆ ನೀರು ಬಿದ್ದೊಡನೆ ಸದ್ದು ಬದಲಾಯಿತು. ಬಿಚ್ಚಿ ತಿರುಗಿಸಿ ಬಾಗಿಸಿದಾಗ ಮಡಿಕೆಯೊಳಗೆ ಬೆರಳುದ್ದದ ಸೀಳು ಬಾಯಿ ತೆರೆಯಿತು. ಇಂಜಿನ್ನು ನಡುಗಿದಂತೆಲ್ಲ ಅದು ಬಾಯಿ ಬಿಡುತ್ತಿತ್ತು, ಬಾಯಿ ಬಿಟ್ಟಂತೆಲ್ಲ ಇಂಜಿನ್ನು ಇನ್ನಷ್ಟು ನಡುಗುತ್ತಿತ್ತು. ದಶಕಗಟ್ಟಲೆ ಸ್ಯಾಕ್ರಮೆಂಟೊದ ಬಿಸಿಲು ತಿಂದ ರಬ್ಬರಿನ ಮೇಲೆ ದೂರು ಹೊರಿಸುವುದು ಅನ್ಯಾಯ.

ಹೊಸ ಕೊಳವೆ ಬಂತು, ನಡುಕ ಹೋಯಿತು. ಏರಿಳಿತ ಮಾತ್ರ ಹೋಗಲಿಲ್ಲ. ಮೊದಲು ಕುಂಟುತ್ತಾ ಏರಿಳಿಯುತ್ತಿದ್ದದ್ದು ಈಗ ಠೀವಿಯಿಂದ ಏರಿಳಿಯತೊಡಗಿತು. "ಒಂದಲ್ಲ, ಎರಡು ಗಾಳಿ" ಎಂದಳು ನಮ್ಮಾಕೆ.

ಇದನ್ನು ಅರ್ಥ ಮಾಡಿಕೊಳ್ಳಲು ಆಗುಂಬೆ ಘಾಟಿಯನ್ನು ನೆನೆಯಬೇಕಾಯಿತು. ಘಾಟಿ ಇಳಿಯುವಾಗ ನಮ್ಮ ಹಳೆಯ ಡ್ರೈವರುಗಳು ಪೆಟ್ರೋಲು ಉಳಿಸಲು ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕುತ್ತಿದ್ದರು. ಪ್ರಾಣಾಪಾಯದ ಚಟ, ಇಂಜೆಕ್ಷನ್ ಗಾಡಿಯಲ್ಲಿ ನಷ್ಟದ್ದೂ ಹೌದು. ಗೇರಿನಲ್ಲೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಂಪ್ಯೂಟರು ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ, ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ಲಿನಲ್ಲಾದರೆ ಇಂಜಿನ್ನು ಬದುಕಿರಲು ಪೆಟ್ರೋಲು ಸುಡಲೇಬೇಕು. ಕಾಲು ಮೇಲಿದೆ, ಸುತ್ತು ಜಾಸ್ತಿ ಇದೆ ಎಂದರೆ ಇಳಿಜಾರು ಎಂದೇ ಕಂಪ್ಯೂಟರಿನ ತಿಳಿವಳಿಕೆ. ಈಗ ಈ ಗಾಡಿ ನಿಂತಿದೆ, ಕಾಲು ಮೇಲಿದೆ, ಆದರೆ ಯಾವುದೋ ಕಾರಣಕ್ಕೆ ಗಾಳಿ ಹೆಚ್ಚು ಹೋಗಿ ಸುತ್ತು ಏರಿದೆ. ಘಾಟಿ ಬಂತೆಂದು ಕಂಪ್ಯೂಟರು ಪೆಟ್ರೋಲು ನಿಲ್ಲಿಸುತ್ತದೆ. ಸುತ್ತು ದಡಕ್ಕನೆ ಇಳಿಯುತ್ತದೆ. ಸಾಯುವ ಮೊದಲು ಪೆಟ್ರೋಲು ಕೊಡುತ್ತದೆ. ಮತ್ತೆ ಏರುತ್ತದೆ. ಮನೆಯ ಮುಂದೆ ಅಲುಗಾಡದೆ ನಿಂತ ಗಾಡಿ ಇಡೀ ಮಧ್ಯಾಹ್ನ ಆಗುಂಬೆ ಇಳಿಯುತ್ತಲೇ ಇತ್ತು.

ಹೆಚ್ಚಿನ ಗಾಳಿ ಎಲ್ಲಿಯದು? ಈ ಸಲದ್ದು ಕಳ್ಳಗಾಳಿಯಲ್ಲ, ರೆಕ್ಕೆಯ ಲೆಕ್ಕ ದಾಟಿಯೇ ಬಂದದ್ದು. ತಣ್ಣಗಿರುವ ಇಂಜಿನ್ನಿಗೆ ಬೆಳಿಗ್ಗೆ ಸ್ವಲ್ಪ ಜೋರಾಗಿ ಉರಿಯಲು ಹೆಚ್ಚು ಗಾಳಿ ಬೇಕು. ಅದಕ್ಕಾಗಿ ಥ್ರಾಟಲಿನ ಅಡಿಯಲ್ಲಿ ಒಂದು ಕವಾಟವಿದೆ. ಒಳಗೆ ಮೇಣ. ಇಂಜಿನ್ನಿನ ಬಿಸಿನೀರು ಅದರ ಪಕ್ಕ ಹಾದು ಹೋದಂತೆ ಮೇಣ ಹಿಗ್ಗಿ ಕವಾಟ ಮುಚ್ಚುತ್ತದೆ. ವಿದ್ಯುತ್ತಿಲ್ಲ, ತಂತಿಯಿಲ್ಲ, ಆದ್ದರಿಂದಲೇ ಕಂಪ್ಯೂಟರಿನ ದೀಪಕ್ಕೆ ಇದರ ಸುದ್ದಿಯೇ ಇಲ್ಲ. ಯಜಮಾನರು ಆ ಕವಾಟಕ್ಕೆ ಹೋಗುವ ಹೋಸನ್ನು ಮುಟ್ಟಿ, ನನಗೂ ಮುಟ್ಟಲು ಹೇಳಿದರು. ಇಂಜಿನ್ನು ಕಾದು ಕೆಂಡವಾಗಿದೆ. ಹೋಸು ಮಾತ್ರ ಉಗುರುಬೆಚ್ಚಗೂ ಇಲ್ಲ. ನೀರೇ ಹರಿಯುತ್ತಿಲ್ಲ, ಹಾಗಾಗಿ ಕವಾಟ ತೆರೆದೇ ಇದೆ. ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ರೇಡಿಯೇಟರಿನ ಮುಚ್ಚಳ ತೆಗೆದರೆ ನೀರಿನ ಮಟ್ಟ ಕಣ್ಣಿಗೇ ಕಾಣಲಿಲ್ಲ.

ನೀರು ಎಲ್ಲಿ ಹೋಯಿತೆಂಬ ಚಿಂತೆಯಲ್ಲಿ ಅವರು ಹೆಡ್ ಗ್ಯಾಸ್ಕೆಟ್ಟಿನ ಹೆಸರನ್ನು ಮೆಲ್ಲಗೆ ಎತ್ತಿದರು. ಅದಾದರೆ ದೊಡ್ಡ ಖರ್ಚು. ಆದರೆ ಅದರ ಲಕ್ಷಣಗಳಾದ ಬಿಳಿ ಹೊಗೆಯಿಲ್ಲ, ಆಯಿಲ್ಲಿನಲ್ಲಿ ಹಾಲುಬಣ್ಣವಿಲ್ಲ. ಟಾರ್ಚು ಹಿಡಿದವನ ಭಾಗ್ಯವೆಂಬಂತೆ ಕೆಳಗಿನ ಹೋಸಿನ ಕ್ಲಿಪ್ಪಿನ ಸುತ್ತ ಒಣಗಿದ ಕೂಲೆಂಟಿನ ಕಲೆ ನನ್ನ ಕಣ್ಣಿಗೇ ಬಿತ್ತು. ಕ್ಲಿಪ್ಪು ಬಿಗಿಯಾಯಿತು. ಗಾಡಿಯ ಮೂತಿಯನ್ನು ಇಳಿಜಾರಿನ ಮೇಲ್ಬದಿಗೆ ನಿಲ್ಲಿಸಿ, ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿ, ಕ್ಯಾಬಿನ್ನಿನ ಹೀಟರ್ ಪೂರ್ತಿ ತಿರುಗಿಸಿ, ಕೂಲೆಂಟು ಹಾಕುತ್ತಾ ಹೋದರು. ಆ ಬಿಸಿಲಲ್ಲಿ ಹೀಟರ್ ಹಾಕಿಕೊಂಡು ಕೂತವರನ್ನು ಕಂಡು ದಾರಿಯಲ್ಲಿ ನಾಯಿ ಹಿಡಿದು ಹೋಗುತ್ತಿದ್ದ ಹೆಂಗಸು ಒಂದು ಗಳಿಗೆ ನಿಂತು ನೋಡಿ ಮುಂದೆ ಹೋದಳು. ರೇಡಿಯೇಟರಿನ ಬಾಯಲ್ಲಿ ಗುಳುಗುಳು ಎಂದು ಗುಳ್ಳೆಗಳು ಎದ್ದವು. ಒಳಗೆ ಸಿಕ್ಕಿಬಿದ್ದಿದ್ದ ಎರಡನೆಯ ಗಾಳಿ ಅದು. ಹೋಸು ಬಿಸಿಯಾಯಿತು, ಕವಾಟ ಮುಚ್ಚಿತು, ಏರಿಳಿತ ನಿಂತಿತು. ಕಿಡಿ ಹಾರುವ ಟೈಮಿಂಗನ್ನು ಬಾನೆಟ್ಟಿನ ಕೆಳಗಿನ ಸ್ಟಿಕ್ಕರಿನಲ್ಲಿ ಬರೆದಂತೆ 5 ಡಿಗ್ರಿಗೆ ನೋಡಿದರು, ಐಡ್ಲಿಂಗಿನ ಸ್ಕ್ರೂವನ್ನು ಎಲ್ಲಕ್ಕಿಂತ ಕೊನೆಯಲ್ಲಿ, ಒಂದಿಷ್ಟೇ ತಿರುಗಿಸಿದರು. ನಮ್ಮ ಬೀಡಿಯ ಮೆಕ್ಯಾನಿಕ್ಕು ಇದ್ದಿದ್ದರೆ ಅದನ್ನೇ ಮೊದಲು ತಿರುಗಿಸಿ, ರೋಗವನ್ನು ಒಳಗೇ ಇಟ್ಟು ಕಳಿಸುತ್ತಿದ್ದನೋ ಏನೋ.

ಪಿಕಪ್ಪು ಹೊಗೆ ಪರೀಕ್ಷೆ ಪಾಸಾಯಿತು. ಬದಲಿಸಿದ ಭಾಗ ರಬ್ಬರಿನ ಒಂದು ಕೊಳವೆ. ಸೆನ್ಸರುಗಳೆಲ್ಲ ಹುಟ್ಟಿದಾಗಿನವೇ ಇವೆ. ನಿಮ್ಮ ಹಳೆಯ ಇಂಜೆಕ್ಷನ್ ಗಾಡಿಯೂ ನಿಂತಲ್ಲಿ ಹೀಗೆ ಏರಿಳಿಯುತ್ತಿದ್ದರೆ, ಅಂಗಡಿಗೆ ಓಡುವ ಮುಂಚೆ ಆಯಿಲ್ ಕಡ್ಡಿ, ಆಯಿಲ್ ಮುಚ್ಚಳ, ಗಾಳಿಯ ಕೊಳವೆಯ ಅಡಿಭಾಗ ಮತ್ತು ಕೂಲೆಂಟಿನ ಮಟ್ಟ, ಇಷ್ಟನ್ನು ನೋಡಿ. ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಇಂಜಿನ್ನು ಪೂರ್ತಿ ತಣ್ಣಗಾದ ಮೇಲೇ ತೆಗೆಯಿರಿ.